ಕೋಳಿಯ ಬಚ್ಚಲು

ಸೇವಂತಿಗೆ ಪಾತಿಯ ಮಣ್ಣು ಸಡಿಲಿಸಿ, ಗೊಬ್ಬರ ಕೊಟ್ಟು, ಊಟ ಮುಗಿಸಿ ಕೈತೊಳೆದು ಬರುವಷ್ಟರಲ್ಲಿ ಅಲ್ಲೊಂದು ಹೊಂಡ ಬಿದ್ದಿರುತ್ತದೆ. ಹೊಂಡದೊಳಗೊಂದು ಹೇಂಟೆ. ಒಂದು ರೆಕ್ಕೆ ಮೇಲಕ್ಕೆ, ಒಂದು ಕಾಲು ಪಕ್ಕಕ್ಕೆ, ಕಣ್ಣು ಅರೆಮುಚ್ಚಿ, ಕತ್ತು ಚಾಚಿ ಬಿದ್ದಿರುವ ಅದರ ಭಂಗಿ ನೋಡಿ ಹೊಸದಾಗಿ ಕೋಳಿ ಸಾಕಿದವರು ಏನೋ ಕಡಿಯಿತೆಂದು ಓಡಿ ಬರುತ್ತಾರೆ. ಹಳಬರು ಕೋಲು ಹಿಡಿದು ಓಡಿ ಬರುತ್ತಾರೆ. ಇಬ್ಬರನ್ನೂ ಒಂದೇ ತಿರಸ್ಕಾರದಿಂದ ನೋಡಿ ಕೋಳಿ ಎದ್ದು, ಮೈ ಕೊಡವಿ, ಒಂದು ಮೋಡ ಧೂಳೆಬ್ಬಿಸಿ ನಡೆದುಬಿಡುತ್ತದೆ. ಶಿಕಾರಿಪುರ, ಸೊರಬದ ಕಡೆ ಕೋಳಿ ಸಾಕಿದ ಮನೆಯಂಗಳದಲ್ಲಿ ಈ ನೋಟಕ್ಕೆ ಬರವಿಲ್ಲ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಎಂದು ಗಾದೆಯಿದೆ. ಮಸಾಲೆಯ ವಿಷಯದಲ್ಲಿ ಅದು ಸರಿಯೇ, ಕೋಳಿಯ ಅಭಿಪ್ರಾಯ ಏನೆಂದು ಕೇಳದೆಯೂ ಗೊತ್ತು. ಸ್ನಾನದ ವಿಷಯದಲ್ಲಿ ಮಾತ್ರ ಕೋಳಿಯನ್ನು ಕೇಳುವುದೇ ವಾಸಿ. ಏಕೆಂದರೆ ಅಂಗಳಕ್ಕೆಲ್ಲ ಕಾಂಕ್ರೀಟು ಹಾಕಿಸಿ, ಉಳಿದ ನೆಲದಲ್ಲಿ ಹೂಪಾತಿ ಮಾಡಿ, ಪಾತಿಗೆ ಬಲೆ ಕಟ್ಟಿದ ಮೇಲೆ ಕೋಳಿಗೊಂದು ಹೊಂಡವನ್ನು ನಾವೇ ಮಾಡಿಕೊಡಬೇಕಾಗಿ ಬಂದಿದೆ. ಮಾಡಿಕೊಡುವವರ ಮುಂದಿರುವ ಪ್ರಶ್ನೆ ಒಂದೇ: ಆ ಹೊಂಡಕ್ಕೆ ಏನು ತುಂಬಬೇಕು? ಕೋಳಿಯ ಸ್ನಾನದ ಬಗ್ಗೆ ಇಷ್ಟುದ್ದ ಯೋಚಿಸುವವರಿಗೆ ಬೇರೆ ಕೆಲಸವಿಲ್ಲವೇ ಎಂದು ಕೇಳುವವರಿದ್ದಾರೆ. ಅವರ ಮನೆಯಲ್ಲಿ ಮೊಟ್ಟೆ ತಿನ್ನುತ್ತಾರಾದರೆ ಇದು ಅವರ ವಿಷಯವೂ ಹೌದು.

ಮೊದಲಿಗೆ, ಇದು ಕೋಳಿಯ ಚೇಷ್ಟೆಯಲ್ಲ. ನಾಟಿ ಇರಲಿ, ಗಿರಿರಾಜ, ಸ್ವರ್ಣಧಾರ ಇರಲಿ, ಬಿಟ್ಟರೆ ಸುಮಾರಾಗಿ ದಿನ ಬಿಟ್ಟು ದಿನ, ನಡುಹಗಲಿನ ಹೊತ್ತಿಗೆ, ಒಂದೊಂದು ಸಲ 20ರಿಂದ 30 ನಿಮಿಷ ಮಣ್ಣಿನಲ್ಲಿ ಹೊರಳುತ್ತದೆ. ಕಾವಿಗೆ ಕೂತ ಕೋಳಿ ದಿನಕ್ಕೊಮ್ಮೆ ಕಾಳಿಗೆಂದು ಎದ್ದಾಗಲೂ ಅವಸರದಲ್ಲೇ ಒಂದು ಹೊರಳು ಮುಗಿಸಿಕೊಂಡು ಮೊಟ್ಟೆಯ ಮೇಲೆ ಹೋಗಿ ಕೂರುವುದುಂಟು. ಬಹುತೇಕ ಹಕ್ಕಿಗಳಿಗೆ ಇರುವಂತೆ ಕೋಳಿಯ ಗರಿಗೂ ಎಣ್ಣೆಯ ಲೇಪವಿದೆ. ಬಾಲದ ಬುಡದ ಗ್ರಂಥಿಯಿಂದ ಕೊಕ್ಕಿನಲ್ಲಿ ಎಣ್ಣೆ ತೆಗೆದು ಅದು ಗರಿಗೆ ಸವರಿಕೊಳ್ಳುತ್ತದೆ. ಹಳೆಯ ಎಣ್ಣೆ ಜಮೆಯಾದರೆ ಗರಿ ಅಂಟಿಕೊಂಡು ಜಡ್ಡಾಗುತ್ತದೆ, ಒಳಗಿನ ನಯವಾದ ತುಪ್ಪುಳು ಗಾಳಿಯನ್ನು ಹಿಡಿದಿಡುವುದಿಲ್ಲ. ಸೀಗೆಪುಡಿ ನಮ್ಮ ತಲೆಗೆ ಮಾಡುವ ಕೆಲಸವನ್ನು ನುಣ್ಣನೆಯ ಮಣ್ಣು ಕೋಳಿಯ ಮೈಗೆ ಮಾಡುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ವಾನ್ ಲೀರೆ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳು ಇದನ್ನು ಅಳೆದು ತೋರಿಸಿವೆ: ಮಣ್ಣು ಸಿಗದ ಕೋಳಿಗಳ ಗರಿಯಲ್ಲಿ ಜಿಡ್ಡು ಏರುತ್ತದೆ, ಮಣ್ಣು ಸಿಕ್ಕ ಮೇಲೆ ಇಳಿಯುತ್ತದೆ. ತಂತಿಬಲೆಯ ಪಂಜರದಲ್ಲಿ ಹುಟ್ಟಿ ಬೆಳೆದು ಒಂದು ಚಿಟಿಕೆ ಧೂಳನ್ನೂ ಕಾಣದ ಕೋಳಿ ಕೂಡ ಬರಿಯ ತಂತಿಯ ಮೇಲೆ ಕೂತು, ಇಲ್ಲದ ಮಣ್ಣನ್ನು ಕೆದರಿ, ಇಲ್ಲದ ಧೂಳನ್ನು ಮೈಮೇಲೆ ಎರಚಿಕೊಳ್ಳುವ ಅಭಿನಯ ಮಾಡುತ್ತದೆ. ಯೂರೋಪಿನ ಒಕ್ಕೂಟ 2012ರಿಂದ ಬರಿಯ ತಂತಿ ಪಂಜರವನ್ನು ನಿಷೇಧಿಸಿ, ಕೆದಕಲು ಕೊಕ್ಕಾಡಿಸಲು ಏನಾದರೂ ಇರಲೇಬೇಕೆಂದು ಕಟ್ಟಳೆ ಮಾಡಿದ್ದರ ಹಿಂದೆ ಇಂಥ ನೋಟಗಳಿವೆ. ಈ ಅಭ್ಯಾಸ ಕಾಡಿನಿಂದ ಬಂದದ್ದು. ನಮ್ಮ ಕೋಳಿಯ ಮೂಲ ಕೆಂಪು ಕಾಡುಕೋಳಿ. ಆದರೆ ಅದರ ಕಾಲಿನ ಹಳದಿ ಬಣ್ಣದ ಜೀನು ಬಂದದ್ದು ನಮ್ಮ ಮಲೆನಾಡಿನಲ್ಲೇ ಓಡಾಡುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಚಂದ್ರಗುತ್ತಿಯ ಕಡೆಯ ಕಾನುಗಳ ನೆಂಟಸ್ತನ ಹಿತ್ತಲಿನ ಹಳದಿ ಕಾಲಿನಲ್ಲಿ ಇನ್ನೂ ಉಳಿದಿದೆ ಎಂದುಕೊಳ್ಳುವುದರಲ್ಲಿ ತಪ್ಪಿಲ್ಲ.

ಈ ಬಗ್ಗೆ ಮನುಷ್ಯ ತಲೆಕೆಡಿಸಿಕೊಂಡದ್ದೂ ಇಂದಲ್ಲ. ಹಂದಿ ಕೆಸರಿನಲ್ಲೂ ಅಂಗಳದ ಹಕ್ಕಿ ಧೂಳು ಬೂದಿಯಲ್ಲೂ ಮೀಯುತ್ತದೆ ಎಂಬ ಮಾತನ್ನು ಗ್ರೀಸಿನ ತತ್ತ್ವಜ್ಞಾನಿ ಹೆರಾಕ್ಲಿಟಸನ ಹೆಸರಿನಲ್ಲಿ ಉಳಿಸಿಕೊಟ್ಟವನು ಕೊಲುಮೆಲ್ಲ ಎಂಬ ರೋಮನ್ ಬೇಸಾಯಗಾರ, ಕ್ರಿಸ್ತಶಕ ಮೊದಲನೆಯ ಶತಮಾನದವನು. ತತ್ತ್ವ ಎಲ್ಲಿಂದ ಎಲ್ಲಿಗೆ ಹೊರಟಿತ್ತೋ, ಕೊಲುಮೆಲ್ಲನಿಗೆ ಬೇಕಾದದ್ದು ಅದರೊಳಗಿನ ಕೋಳಿ ಮಾತ್ರ. ಒಣ ಧೂಳನ್ನೂ ಬೂದಿಯನ್ನೂ ಗೋಡೆಯ ಪಕ್ಕ, ಮಾಡಿನ ನೆರಳು ಬೀಳುವಲ್ಲಿ ಹಾಕಿಡಬೇಕು ಎಂಬುದು ಅವನ ಸಲಹೆ. ಮಾಡಿನ ಕೆಳಗೆ ಎನ್ನುವ ಮಾತು ರೋಮಿಗಿಂತ ಸೊರಬಕ್ಕೇ ಹೆಚ್ಚು ಒಪ್ಪುತ್ತದೆ. ಆರಿದ್ರಾ ಮಳೆ ಹಿಡಿದ ಮೇಲೆ ತಿಂಗಳುಗಟ್ಟಲೆ ಹೊರಗೆ ಒಂದು ಬೊಗಸೆ ಒಣ ಮಣ್ಣು ಸಿಗದ ಊರಿನಲ್ಲಿ ಕೋಳಿಗೆ ಗತಿ ಎಂದರೆ ಮನೆಯ ಸೂರಿನಡಿ, ಕೊಟ್ಟಿಗೆಯ ಮೂಲೆ, ಕಟ್ಟಿಗೆ ಒಟ್ಟಿದ ಕೊಟ್ಟಿಲು. ಶಿಕಾರಿಪುರದ ಬಯಲಿನ ಕಡೆ ಮಳೆ ಅಷ್ಟಿಲ್ಲವಾದರೂ ಅಲ್ಲೂ ಆಷಾಢದ ಜಡಿಮಳೆಯಲ್ಲಿ ಅಂಗಳ ಕೆಸರೇ. ಒಣಗಿರುವುದು ಎನ್ನುವುದೇ ಇಲ್ಲಿ ಮೊದಲ ಷರತ್ತು. ಒದ್ದೆ ಮಣ್ಣು ಗರಿಯ ಎಣ್ಣೆ ಹೀರುವುದಿಲ್ಲ, ಮೆತ್ತಿಕೊಳ್ಳುತ್ತದೆ, ಅಷ್ಟೇ.

ಎರಡನೆಯ ಷರತ್ತನ್ನು ಕೊಲುಮೆಲ್ಲ ಹೇಳಲಿಲ್ಲ, ಅವನ ಕಾಲದಲ್ಲಿ ಹೇಳಬೇಕಾಗಿಯೂ ಇರಲಿಲ್ಲ. ಕೋಳಿ ಮೀಯುವುದನ್ನು ಐದು ನಿಮಿಷ ನಿಂತು ನೋಡಿದರೆ ಅದು ತಾನೇ ಕಾಣುತ್ತದೆ. ಹೊಂಡಕ್ಕಿಳಿದ ಕೋಳಿ ಮೊದಲು ಬಳಸುವುದು ಕೊಕ್ಕನ್ನು. ಸುತ್ತಲಿನ ಮಣ್ಣನ್ನು ಕೊಕ್ಕಿನಿಂದ ಕುಕ್ಕಿ, ಎಳೆದು ಎದೆಯಡಿಗೆ ಗುಡ್ಡೆ ಮಾಡಿಕೊಳ್ಳುತ್ತದೆ. ನಡುವೆ ಒಂದು ಹರಳು ಕಂಡರೆ ನುಂಗುತ್ತದೆ, ಹಲ್ಲಿಲ್ಲದ ಪ್ರಾಣಿಗೆ ಜಠರದೊಳಗೆ ಕಾಳು ಅರೆಯಲು ಹರಳು ಬೇಕೇ ಬೇಕು. ಹುಳ ಕಂಡರೆ ಹುಳ, ಬೀಜ ಕಂಡರೆ ಬೀಜ. ಬಳಿಕ ರೆಕ್ಕೆ ಬಡಿದು ಎಬ್ಬಿಸುವ ಧೂಳನ್ನು ಅದೇ ಉಸಿರಾಡುತ್ತದೆ. ಎಂದರೆ ನಾವು ಹೊಂಡಕ್ಕೆ ತುಂಬುವ ವಸ್ತು ಕೋಳಿಯ ಮೈಗೆ ಮಾತ್ರ ಹೋಗುವುದಲ್ಲ. ಹೊಟ್ಟೆಗೂ ಶ್ವಾಸಕೋಶಕ್ಕೂ ಹೋಗುತ್ತದೆ, ಅಲ್ಲಿಂದ ಕೊಬ್ಬಿಗೆ, ಕೊಬ್ಬಿನಿಂದ ಹಳದಿ ಭಂಡಾರಕ್ಕೆ, ಅಲ್ಲಿಂದ ನಮ್ಮ ತಟ್ಟೆಗೆ. ಹಾಗಾಗಿ ಹೊಂಡಕ್ಕೆ ಏನೇನು ಬೆರೆಸಿದರೆ ಒಳ್ಳೆಯದು ಎಂದು ಹುಡುಕುವುದಕ್ಕಿಂತ ಏನೇನು ಬೀಳದಂತೆ ನೋಡಿಕೊಳ್ಳಬೇಕು ಎಂದು ಕೇಳುವುದೇ ಸರಿಯಾದ ದಾರಿ. ತಿಂದರೂ ಅಡ್ಡಿಯಿಲ್ಲ ಎನ್ನುವಂಥದ್ದನ್ನಷ್ಟೇ ಮೀಯಲು ಕೊಡಬೇಕು. ಕೋಳಿಗೆ ಬಚ್ಚಲೂ ಊಟದ ಮನೆಯೂ ಒಂದೇ.

ಇಲ್ಲಿಗೆ ಮೊದಲ ಆಕ್ಷೇಪ ಎದ್ದು ನಿಲ್ಲುತ್ತದೆ: ಅಜ್ಜಿಯರ ಕಾಲದಿಂದ ಒಲೆಯ ಬೂದಿ ಹಾಕಿಲ್ಲವೇ, ಯಾವ ಕೋಳಿ ಸತ್ತಿತು? ಮಾತು ಸುಳ್ಳಲ್ಲ. ಕಟ್ಟಿಗೆಯ ಬೂದಿ ನುಣ್ಣಗಿರುತ್ತದೆ, ಒಣಗಿರುತ್ತದೆ, ಜಿಡ್ಡು ಹೀರುತ್ತದೆ. ಹೇನಿಗೂ ಅದು ಹಿಡಿಸುವುದಿಲ್ಲ. ಅಡಿಕೆ ಬೇಯಿಸುವ ಕಾಲದಲ್ಲಿ ಹಂಡೆಯ ಒಲೆಯಿಂದ, ವರ್ಷವಿಡೀ ಬಚ್ಚಲೊಲೆಯಿಂದ ಬರುವ ಬೂದಿಗೆ ಈ ಸೀಮೆಯಲ್ಲಿ ಕೊರತೆಯೂ ಇಲ್ಲ. ಆದರೆ ಬೂದಿ ಕ್ಷಾರ. ಒಣಗಿರುವಾಗ ತಣ್ಣಗಿರುತ್ತದೆ, ನೀರು ಸೋಕಿದರೆ ಹಿಂದಿನವರು ಬಟ್ಟೆ ಒಗೆಯುತ್ತಿದ್ದ ಬೂದಿನೀರೇ ಆಗುತ್ತದೆ. ಒದ್ದೆ ಮೈಯ ಕೋಳಿ ಬರಿ ಬೂದಿಯಲ್ಲಿ ಹೊರಳಿದರೆ ಚರ್ಮ ಉರಿಯುತ್ತದೆ, ಗರಿ ಬಿರುಸಾಗುತ್ತದೆ. ಹಿಂದಿನ ಮನೆಗಳಲ್ಲಿ ಬೂದಿ ಹೋಗಿ ಬೀಳುತ್ತಿದ್ದದ್ದು ತಿಪ್ಪೆಗೆ. ಮಣ್ಣು, ಸಗಣಿಪುಡಿ, ಹೊಟ್ಟಿನ ನಡುವೆ ಅದೊಂದು ಪಾಲಾಗಿರುತ್ತಿತ್ತು, ಕೋಳಿ ತನಗೆ ಬೇಕಾದ ಕಡೆ ಕೆದರಿಕೊಳ್ಳುತ್ತಿತ್ತು. ಈಗಲೂ ನಾಲ್ಕು ಪಾಲು ಮಣ್ಣಿಗೆ ಒಂದು ಪಾಲು ಬೂದಿ ಎಂದರೆ ಧಾರಾಳ.

ಅದಕ್ಕಿಂತ ಮುಖ್ಯವಾದದ್ದು, ಅಜ್ಜಿಯ ಬೂದಿ ಇಂದಿನ ಬೂದಿಯಲ್ಲ. ಬಚ್ಚಲೊಲೆಯ ಬಾಯಿ ಈಗ ಮನೆಯ ಕಸದ ಬುಟ್ಟಿಯೂ ಆಗಿದೆ. ಹಾಲಿನ ಕವರು, ಬಿಸ್ಕತ್ತಿನ ಕವರು, ಹರಿದ ಚಪ್ಪಲಿ, ವೈರಿನ ತುಂಡು, ಬಣ್ಣ ಬಳಿದ ಹಳೆಯ ಕಿಟಕಿಯ ಚೌಕಟ್ಟು, ಎಲ್ಲವೂ ನೀರು ಕಾಯಿಸುವ ಪುಣ್ಯಕಾರ್ಯದಲ್ಲಿ ಉರಿದು ಹೋಗುತ್ತವೆ. ಹೋಗುತ್ತವೆ ಎಂದು ನಾವು ತಿಳಿದಿದ್ದೇವೆ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಮಂದ ಬೆಂಕಿಯಲ್ಲಿ ಉರಿದಾಗ ಹುಟ್ಟುವ ಡಯಾಕ್ಸಿನ್, ಹಳೆಯ ಬಣ್ಣದಲ್ಲಿದ್ದ ಸೀಸ ಬೂದಿಯಲ್ಲೇ ಉಳಿಯುತ್ತವೆ. ಇದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಉದಾಹರಣೆ ಸಾಕು. ಅಲ್ಲಿನ ಬೈಕರ್ ಎಂಬಲ್ಲಿ ಕಸ ಸುಡುವ ಘಟಕದ ಬೂದಿಯನ್ನು 1990ರ ದಶಕದಲ್ಲಿ ಜನ ತರಕಾರಿ ಬೆಳೆಯುವ, ಕೋಳಿ ಸಾಕುವ ತುಂಡುನೆಲಗಳ ಕಾಲುದಾರಿಗೆ ಹರಡಿದ್ದರು. ದಾರಿ ಗಟ್ಟಿಯಾಯಿತು, ಕೆಸರು ನಿಂತಿತು, ಎಲ್ಲರಿಗೂ ಅನುಕೂಲವಾಯಿತು. ಆಮೇಲೆ ಆ ಮಣ್ಣನ್ನು ಪರೀಕ್ಷಿಸಿದಾಗ, ಅಲ್ಲಿ ಕೆದರಿಕೊಂಡಿದ್ದ ಕೋಳಿಗಳ ಮೊಟ್ಟೆಯನ್ನು ಪರೀಕ್ಷಿಸಿದಾಗ ಡಯಾಕ್ಸಿನ್ ಸಿಕ್ಕಿತು. ಬೂದಿಯನ್ನು ಯಾರೂ ಕೋಳಿಗೆ ತಿನ್ನಿಸಿರಲಿಲ್ಲ, ದಾರಿಗೆ ಹಾಕಿದ್ದರಷ್ಟೇ. ಒಂದು ಜಾಗದ ಮಣ್ಣು ಕೆಟ್ಟಿದೆಯೇ ಎಂದು ತಿಳಿಯಲು ವಿಜ್ಞಾನಿಗಳು ಅಲ್ಲಿನ ಹಿತ್ತಲಕೋಳಿಯ ಮೊಟ್ಟೆಯನ್ನೇ ಪರೀಕ್ಷಿಸುವ ಪದ್ಧತಿ ಇಂದು ಹಲವು ದೇಶಗಳಲ್ಲಿದೆ. ಹಾಗಾಗಿ ಬೂದಿ ಬೇಡವೆಂದಲ್ಲ. ಬರಿ ಕಟ್ಟಿಗೆ, ಅಡಿಕೆ ಸಿಪ್ಪೆ, ತೆಂಗಿನ ಗರಿ ಸುಟ್ಟ ಒಲೆಯ ಬೂದಿಯಾದರೆ ಹಾಕಬಹುದು. ಕವರು ಕಂಡ ಒಲೆಯ ಬೂದಿಯಾದರೆ ಅದು ಕೋಳಿಗೂ ಬೇಡ, ತೊಂಡೆಬಳ್ಳಿಯ ಬುಡಕ್ಕೂ ಬೇಡ.

ಭತ್ತದ ನಾಡಿನಲ್ಲಿ ಬೂದಿಯ ಇನ್ನೊಂದು ಮೂಲವಿದೆ: ಅಕ್ಕಿ ಗಿರಣಿಯ ಬಾಯ್ಲರಿನಲ್ಲೋ ಇಟ್ಟಿಗೆಯ ಭಟ್ಟಿಯಲ್ಲೋ ಉರಿದ ಹೊಟ್ಟಿನ ಬೂದಿ. ಚೀಲಗಟ್ಟಲೆ ಸಿಗುತ್ತದೆ, ಹಗುರ, ಪುಕ್ಕಟೆ. ಹೊಟ್ಟಿನ ಬೂದಿಯ ಬಹುಪಾಲು, ಸಾಮಾನ್ಯವಾಗಿ ನೂರಕ್ಕೆ 85ಕ್ಕಿಂತ ಹೆಚ್ಚು, ಸಿಲಿಕಾ. ಮಂದ ಉರಿಯಲ್ಲಿ ಕರಟಿದ ಕಪ್ಪು ಬೂದಿಯಲ್ಲಿ ಈ ಸಿಲಿಕಾ ಹರಳುಗಟ್ಟಿರುವುದಿಲ್ಲ. ಭಾರಿ ಕಾವಿನಲ್ಲಿ ಬಹಳ ಹೊತ್ತು ಉರಿದು ಬೆಳ್ಳಗಾದ ಬೂದಿಯಲ್ಲಿ ಅದು ಹರಳುರೂಪಕ್ಕೆ ತಿರುಗಿರಬಹುದು, ಆ ಹರಳು ಸಿಲಿಕಾದ ಸೂಕ್ಷ್ಮ ಧೂಳನ್ನು ಉಸಿರಾಡುವುದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ವರ್ಗೀಕರಿಸಿದೆ. ಕೋಳಿಯ ಆಯುಸ್ಸು ಅಷ್ಟಿಲ್ಲ ಎಂದು ಯಾರಾದರೂ ಹೇಳಿಯಾರು. ಹೊಂಡ ತುಂಬುವವರ, ಗೂಡು ಗುಡಿಸುವವರ ಆಯುಸ್ಸು ಇದೆಯಲ್ಲ! ಕಲ್ಲು ಅರೆದು ಮಾಡಿದ ಎಂ-ಸ್ಯಾಂಡಿನ ತಳದಲ್ಲಿ ಉಳಿಯುವ ಹಿಟ್ಟಿನಂಥ ಪುಡಿಗೂ ಇದೇ ಮಾತು. ಕುಮುದ್ವತಿಯದೋ ದಂಡಾವತಿಯದೋ ಹಳೆಯ ಹೊಳೆಮರಳು ಮನೆಯಲ್ಲಿ ಉಳಿದಿದ್ದರೆ ಅದು ಉತ್ತಮ, ಸಿಮೆಂಟು ಸೇರಿರಬಾರದು ಅಷ್ಟೇ.

ಈಗ ಪೇಟೆಯಲ್ಲಿ ಮಾರುವ ಡಯಾಟಮ್ ಮಣ್ಣಿನ ವಿಷಯ. ಇದು ಸೂಕ್ಷ್ಮ ಪಾಚಿಗಳ ಸಿಲಿಕಾ ಚಿಪ್ಪು ಕೆರೆ ಕಡಲ ತಳದಲ್ಲಿ ಶೇಖರವಾಗಿ ಆದ ಪುಡಿ. ಕೀಟದ ಮೈಮೇಲಿನ ಮೇಣದ ಪದರವನ್ನು ಹೀರಿ ಅದನ್ನು ಒಣಗಿಸಿ ಕೊಲ್ಲುತ್ತದೆ. ಕೆಲಸ ಮಾಡುವುದು ನಿಜ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕೇಂದ್ರದ ಮಾರ್ಟಿನ್ ಮತ್ತು ಮುಲೆನ್ಸ್ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮರಳಿನ ಪೆಟ್ಟಿಗೆಗೆ ಈ ಪುಡಿ ಬೆರೆಸಿಟ್ಟಾಗ ಅದರಲ್ಲಿ ಮಿಂದ ಕೋಳಿಗಳ ಹೇನು ನುಸಿ ಒಂದು ವಾರದಲ್ಲಿ ನೂರಕ್ಕೆ 80ರಿಂದ 100ರಷ್ಟು ಇಳಿದವು. ಆದರೆ ಅದೇ ಪ್ರಯೋಗದಲ್ಲಿ ಕೆಯೋಲಿನ್ ಎಂಬ ಬಿಳಿ ಜೇಡಿಯೂ ಅಷ್ಟೇ ಚೆನ್ನಾಗಿ, ಗಂಧಕದ ಪುಡಿ ಇನ್ನೂ ಚೆನ್ನಾಗಿ ಕೆಲಸ ಮಾಡಿದವು ಎಂಬುದನ್ನು ಮಾರುವವರು ಹೇಳುವುದಿಲ್ಲ. ಕೆಯೋಲಿನ್ ಎಂದರೇನು? ಮಳೆ ಬಿಸಿಲಿಗೆ ಸಾವಿರಾರು ವರ್ಷ ಕಲ್ಲು ಕರಗಿ ಉಳಿದ ಜೇಡಿ. ಸೊರಬದ ಜಂಬಿಟ್ಟಿಗೆ ನೆಲದಲ್ಲಿ, ಕೆಮ್ಮಣ್ಣಿನಲ್ಲಿ ಜೇಡಿಯ ಪಾಲಿನ ಮುಖ್ಯ ಖನಿಜವೇ ಆ ಕೆಯೋಲಿನೈಟ್, ಕಬ್ಬಿಣದ ತುಕ್ಕಿನಿಂದ ಕೆಂಪಾಗಿರುತ್ತದೆ ಅಷ್ಟೆ. ದೀವರ ಹೆಣ್ಣುಮಕ್ಕಳು ಹಸೆಚಿತ್ತಾರಕ್ಕೆ ಗೋಡೆ ಸಾರಿಸುವ ಕೆಮ್ಮಣ್ಣಿನ ನುಣುಪು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಅಂಗಳದ ಮಣ್ಣು ಪ್ರಯೋಗಾಲಯದ ಶುದ್ಧ ಕೆಯೋಲಿನ್‌ಗೆ ಸಮ ಎಂದು ವಾದಿಸುವುದು ಅತಿಯಾದೀತು. ಅದರಲ್ಲಿ ಮರಳಿದೆ, ಹರಳಿದೆ, ಬೇರಿನ ಚೂರಿದೆ. ಆದರೆ ಒಣಗಿಸಿ, ಕುಟ್ಟಿ, ಜರಡಿ ಹಿಡಿದ ಕೆಮ್ಮಣ್ಣು ದೂರದ ಊರಿನ ಪೊಟ್ಟಣದ ಪುಡಿಗಿಂತ ಕೀಳಲ್ಲ ಎನ್ನಲು ಸಾಕಷ್ಟು ಆಧಾರವಿದೆ. ಡಯಾಟಮ್ ಪುಡಿಗೆ ಇಲ್ಲಿ ಇನ್ನೊಂದು ತೊಡಕು, ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಅದರ ಶಕ್ತಿ ಕುಂದುತ್ತದೆ. ಹೇನು ಹೆಚ್ಚುವ ಮಳೆಗಾಲದಲ್ಲೇ ಅದು ಸುಮ್ಮನೆ ಕೂರುತ್ತದೆ. ಹುತ್ತದ ಮಣ್ಣು ಇವೆಲ್ಲಕ್ಕಿಂತ ನಯ, ಗೆದ್ದಲು ಕಣಕಣ ಆರಿಸಿ ತಂದು ಕಟ್ಟಿದ್ದು. ಆದರೆ ನಾಗರಪಂಚಮಿಗೆ ಹಾಲೆರೆದ ಹುತ್ತವನ್ನು ಕೋಳಿಯ ಸ್ನಾನಕ್ಕೆಂದು ಅಗೆಯುವ ಧೈರ್ಯ ಇರುವ ಮನೆ ಈ ಕಡೆ ಕಡಿಮೆ, ಇಲ್ಲದಿರುವುದೇ ಒಳ್ಳೆಯದು.

ಮಣ್ಣು ಎಂದ ಕೂಡಲೇ ಯಾವ ಮಣ್ಣು ಎಂಬ ಪ್ರಶ್ನೆ ಬರುತ್ತದೆ. ಸುಲಭಕ್ಕೆ ಸಿಗುವುದು ಅಡಿಕೆ ತೋಟದ್ದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಮೈಸೂರು ಸಂಸ್ಥಾನದಲ್ಲಿ ರೂಢಿಗೆ ತಂದವನು ಲೆಸ್ಲಿ ಕೋಲ್ಮನ್, ಕಳೆದ ಶತಮಾನದ ಆರಂಭದಲ್ಲಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದು ತೋಟಗಳನ್ನು ಉಳಿಸಿತು, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಗೊನೆಯಿಂದ ತೊಳೆದು ಕೆಳಗಿಳಿದ ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ತಲೆಮಾರುಗಳಿಂದ ಹೊಡೆದದ್ದೆಲ್ಲ ಮೇಲ್ಮಣ್ಣಿನಲ್ಲೇ ಕೂಡಿಬರುತ್ತದೆ. ತೋಟದಲ್ಲಿ ಕೋಳಿ ಓಡಾಡಿದರೆ ಸಾಯುತ್ತದೆ ಎಂದಲ್ಲ, ಅದೇ ಮಣ್ಣನ್ನು ಬುಟ್ಟಿಯಲ್ಲಿ ತಂದು ದಿನವೂ ಕೊಕ್ಕಾಡಿಸುವ ಹೊಂಡಕ್ಕೆ ಸುರಿಯುವುದು ಬೇಡ. ಶುಂಠಿ ಬೆಳೆದ ನೆಲದ ಮಣ್ಣು ಅದಕ್ಕಿಂತ ಅನುಮಾನದ್ದು. ಬೇರುಹುಳಕ್ಕೆಂದು ಬುಡಕ್ಕೆ ಹಾಕುತ್ತಿದ್ದ ಫೋರೇಟ್ ಹರಳು ಹಕ್ಕಿಗಳಿಗೆ ಘೋರ ವಿಷ, ನೋಡಲು ಮಾತ್ರ ಕೋಳಿ ಹುಡುಕುವ ಗಾತ್ರದ್ದೇ ಹರಳು. ಕೇಂದ್ರ ಸರ್ಕಾರದ 2018ರ ಆದೇಶದಂತೆ 2020ರ ಕೊನೆಯಿಂದ ಅದಕ್ಕೆ ನಿಷೇಧ ಬಿದ್ದಿದೆ, ಆದರೆ ಮೂಲೆಯ ಡಬ್ಬಿಗಳಿಗೆ ಗೆಜೆಟ್ ಓದುವ ಅಭ್ಯಾಸವಿಲ್ಲ. ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಜಾಗ ಹೊಸ ಮನೆಯ ಸೂರಿನಡಿ. ಪಾಯದ ಸುತ್ತ ಗೆದ್ದಲಿಗೆ ಔಷಧಿ ಸುರಿಸಿದ್ದರೆ, ಮಳೆಗಾಲದಲ್ಲಿ ಕೋಳಿ ಹುಡುಕಿಕೊಂಡು ಹೋಗುವ ಒಣ ಮಣ್ಣು ಅದೇ. ಅಂಥ ಮನೆಯವರು ಗೋಡೆಯಿಂದ ದೂರಕ್ಕೆ, ಕೊಟ್ಟಿಗೆಯ ಕಡೆಗೆ ಹೊಂಡ ಮಾಡಿಕೊಡುವುದು ಕ್ಷೇಮ.

ಕಾಡಿನ ಮಣ್ಣು, ಕಾಡಿನ ತರಗೆಲೆ ಶುದ್ಧವಲ್ಲವೇ ಎಂಬ ಆಕ್ಷೇಪ ಸಹಜ. ಕಾನಿನ ಬುಡದ ಪುಡಿಪುಡಿ ಕಪ್ಪು ಮಣ್ಣಿನಲ್ಲಿ ವಿಷವಿಲ್ಲ, ತಾಮ್ರವಿಲ್ಲ, ಪ್ಲಾಸ್ಟಿಕ್ ಬೂದಿಯಿಲ್ಲ. ಸೊಪ್ಪಿನ ಬೆಟ್ಟದಿಂದ ದರಕು ಗುಡಿಸಿ ತಂದು ಕೊಟ್ಟಿಗೆಗೆ ಹಾಸುವುದು ಇಲ್ಲಿನ ಬೇಸಾಯದ ಜೀವನಾಡಿಯೇ ಆಗಿತ್ತು. ಅದರಲ್ಲಿ ಎರಡು ಹೊರೆ ಕೋಳಿಯ ಗೂಡಿಗೆ ಹೋದರೆ ಯಾರಿಗೆ ನಷ್ಟ? ಬೇರೆ ಸೀಮೆಯಲ್ಲಾದರೆ ಒಪ್ಪಬಹುದಿತ್ತು. ಆದರೆ ಕ್ಯಾಸನೂರು ಇರುವುದು ಸೊರಬ ತಾಲೂಕಿನಲ್ಲಿ. 1957ರಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಬಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸೊಂದನ್ನು ಗುರುತಿಸಿದರು, ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಕಾಡಿನ ಹೆಸರೇ ರೋಗದ ಹೆಸರಾಯಿತು. ಊರಲ್ಲಿ ಅದು ಮಂಗನ ಕಾಯಿಲೆ. ಹರಡುವುದು ಉಣುಗು. ಮಳೆ ನಿಂತ ಮೇಲೆ, ಸುಮಾರಾಗಿ ನವೆಂಬರಿನಿಂದ ಮೇವರೆಗೆ, ಸಾಸಿವೆಗಿಂತ ಸಣ್ಣ ಉಣುಗಿನ ಮರಿಗಳು ಅದೇ ತರಗೆಲೆಯಲ್ಲಿ ಕಾದು ಕೂತಿರುತ್ತವೆ. ಇಲಿ, ಅಳಿಲು, ಮಂಗ ಮಾತ್ರವಲ್ಲ, ನೆಲದಲ್ಲಿ ಓಡಾಡುವ ಕಾಡುಕೋಳಿಯಂಥ ಹಕ್ಕಿಗಳ ಮೈಯನ್ನೂ ಹತ್ತುತ್ತವೆ. ಕೋಳಿಯಿಂದ ಮಂಗನ ಕಾಯಿಲೆ ಬರುತ್ತದೆ ಎಂದು ಇಲ್ಲಿ ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಹೇಳುತ್ತಿರುವುದು ಇಷ್ಟೇ: ದರಕು ಮನೆಗೆ ಬಂದರೆ ಉಣುಗೂ ಮನೆಗೆ ಬರುತ್ತದೆ, ಹೊತ್ತು ತಂದವರ ಕುತ್ತಿಗೆಯ ಮೇಲೂ ಬರುತ್ತದೆ. ಕಾಯಿಲೆಯ ಕಾಲದಲ್ಲಿ ಕಾಡಿನ ಒಣ ಎಲೆ ಮನೆಗೆ ತರಬೇಡಿ ಎಂದು ಆರೋಗ್ಯ ಇಲಾಖೆಯವರು ಹೇಳುವುದು ದನದ ಕೊಟ್ಟಿಗೆಯನ್ನು ನೆನೆದು. ಕೋಳಿಯ ಹೊಂಡಕ್ಕೆ ಬೇರೆ ಕಾನೂನಿಲ್ಲ. ಮೈಯ ಹೇನು ಉದುರಿಸಲೆಂದು ಮಾಡಿದ ಬಚ್ಚಲಿಗೆ ನಾವೇ ಉಣುಗು ಹೊತ್ತು ತಂದು ಸುರಿಯುವುದು ಯಾವ ಜಾಣತನ?

ಮರದ ಹೊಟ್ಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೊರಬದ ಗುಡಿಗಾರರ ಉಳಿಯಿಂದ ಉದುರುವ ಗಂಧದ ಪುಡಿಯಲ್ಲಿ ಮೀಯುವ ಯೋಗ ಯಾವ ಕೋಳಿಗೂ ಇಲ್ಲ, ಇದ್ದರೆ ಅರಣ್ಯ ಇಲಾಖೆಯವರು ವಿಚಾರಿಸಿಕೊಂಡು ಬಂದಾರು. ಸಾಮಿಲ್ಲಿನ ಹೊಟ್ಟು ಹಾಸಿಗೆಗೆ ಸರಿ, ಸ್ನಾನಕ್ಕಲ್ಲ: ಆಯ್ಕೆ ಕೊಟ್ಟು ನೋಡಿದ ಪ್ರಯೋಗಗಳಲ್ಲಿ ಕೋಳಿಗಳು ನುಣ್ಣನೆಯ ಪೀಟ್ ಮಣ್ಣನ್ನೂ ಮರಳನ್ನೂ ಆರಿಸಿಕೊಂಡು ಮರದ ಸಿಪ್ಪೆಯನ್ನು ಕೊನೆಗೆ ಬಿಟ್ಟವು. ಭತ್ತದ ಹೊಟ್ಟಿಗೂ ಇದೇ ಗತಿ. ತೇವ ಹಿಡಿದು ಬೂಷ್ಟು ಬಂದ ಹೊಟ್ಟಂತೂ ಮರಿಗಳ ಶ್ವಾಸಕೋಶಕ್ಕೆ ಶಿಲೀಂಧ್ರ ಹತ್ತಿಸಿ ಕೊಲ್ಲುತ್ತದೆ. ಮುಗ್ಗಲು ವಾಸನೆ ಬಂದ ಏನನ್ನೂ ಹೊಂಡಕ್ಕೆ ಹಾಕಬಾರದು.

ಇಷ್ಟೆಲ್ಲ ಬೇಡ ಎನ್ನುತ್ತ ಹೋದರೆ ಹೇನಿಗೆ ಏನು ಮಾಡುವುದು ಎಂಬುದು ಗಟ್ಟಿಯಾದ ಆಕ್ಷೇಪ. ಮೈತುಂಬ ಹೇನಾಗಿ ಮೊಟ್ಟೆ ನಿಲ್ಲಿಸಿದ ಕೋಳಿಯ ಮುಂದೆ ಗರಿಯ ಎಣ್ಣೆಯ ಪಾಠ ಹೇಳಿದರೆ ಯಾರಿಗೂ ಸಮಾಧಾನವಾಗದು. ಅದಕ್ಕೇ ಜನ ಗದ್ದೆಗೆ ತಂದ ಔಷಧಿಯ ಪುಡಿಯಲ್ಲಿ ಒಂದು ಹಿಡಿ ಹೊಂಡಕ್ಕೂ ಎರಚುತ್ತಾರೆ, ಗೂಡಿಗೆ ನುಸಿಗುಳಿಗೆ ಹಾಕುತ್ತಾರೆ, ಹೊಗೆಸೊಪ್ಪಿನ ಪುಡಿ ಬೆರೆಸುತ್ತಾರೆ. ಹೊಗೆಸೊಪ್ಪಿನ ನಿಕೋಟಿನ್ ಹೇನಿಗೆಷ್ಟು ವಿಷವೋ ತಿಂದ ಕೋಳಿಗೂ ಅಷ್ಟೇ. ಗದ್ದೆಯ ಔಷಧಿಯ ಕಥೆ ಏನಾಗುತ್ತದೆ ಎಂಬುದನ್ನು 2017ರಲ್ಲಿ ಯೂರೋಪು ಕಂಡಿತು: ಆಹಾರ ಕೊಡುವ ಪ್ರಾಣಿಗಳಿಗೆ ಬಳಸಲು ಅನುಮತಿಯಿಲ್ಲದ ಫಿಪ್ರೊನಿಲ್ ಅನ್ನು ಕೆಂಪು ನುಸಿಗೆಂದು ನೆದರ್‌ಲ್ಯಾಂಡ್ಸ್ ಬೆಲ್ಜಿಯ‌ಮ್‌ಗಳ ಕೋಳಿಮನೆಗಳಲ್ಲಿ ಬಳಸಿದ್ದು ಬಯಲಾಗಿ, ಲಕ್ಷಗಟ್ಟಲೆ ಮೊಟ್ಟೆಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿ ನಾಶಮಾಡಬೇಕಾಯಿತು. ಅಲ್ಲಿ ಪರೀಕ್ಷಿಸುವವರಿದ್ದರು. ಹಿತ್ತಲ ಮೊಟ್ಟೆಯನ್ನು ಪರೀಕ್ಷಿಸುವವರು ಅದನ್ನು ತಿನ್ನುವ ಮಕ್ಕಳು ಮಾತ್ರ. ಇನ್ನೊಂದು ಮಾತು, ಕೋಳಿಯನ್ನು ಹೆಚ್ಚು ಕಾಡುವ ಕೆಂಪು ನುಸಿಯೂ ಕೋಳಿ ಉಣುಗೂ ಹಗಲಲ್ಲಿ ಬಹುತೇಕ ಕೋಳಿಯ ಮೈಮೇಲೆ ಇರುವುದಿಲ್ಲ. ಗೂಡಿನ ಹಲಗೆಯ ಸಂದಿನಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರುತ್ತವೆ. ಹೊಂಡಕ್ಕೆ ಎಷ್ಟು ವಿಷ ಸುರಿದರೂ ಅವಕ್ಕೆ ತಾಗದು. ಕುದಿನೀರು, ಬಿಸಿಲು, ಗೂಡಿನ ಸಂದು ಮುಚ್ಚುವ ಕೆಲಸ, ಇವು ಅವಕ್ಕೆ ಮದ್ದು. ಮೈಮೇಲೇ ಬೀಡುಬಿಡುವ ಹೇನಿಗೆ ಒಣಮಣ್ಣು ಸಾಲದೆ ಹೋದರೆ ಪಶುವೈದ್ಯರನ್ನು ಕೇಳಿ ಆ ಕೋಳಿಗೇ ಔಷಧಿ ಹಾಕಿಸಿ, ಅವರು ಹೇಳಿದಷ್ಟು ದಿನ ಮೊಟ್ಟೆ ತಿನ್ನದೆ ಇದ್ದರಾಯಿತು. ಹಟ್ಟಿಗೆಲ್ಲ ಸೇರಿದ ಬಚ್ಚಲನ್ನು ಔಷಧಿ ಅಂಗಡಿ ಮಾಡಬೇಕಾಗಿಲ್ಲ.

ಕೋಳಿಗೆ ತನಗೆ ಯಾವುದು ಒಳ್ಳೆಯದೆಂದು ಗೊತ್ತು, ಬಿಟ್ಟುಬಿಡಿ ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. ನುಣುಪು, ಒಣಗು, ಬಿಸಿಲಿನ ಕಾವು, ಇವನ್ನು ಆರಿಸುವುದರಲ್ಲಿ ಕೋಳಿಯನ್ನು ಮೀರಿಸುವವರಿಲ್ಲ. ನಾವು ಇಟ್ಟ ಪೆಟ್ಟಿಗೆ ಬಿಟ್ಟು ಪಕ್ಕದಲ್ಲೇ ಹೊಂಡ ತೋಡಿದರೆ ತಪ್ಪು ಪೆಟ್ಟಿಗೆಯದೇ ಎಂದು ತಿಳಿಯಬೇಕು. ಆದರೆ ಕಾಡುಕೋಳಿಯ ವಂಶಕ್ಕೆ ಡಯಾಕ್ಸಿನ್ ಪರಿಚಯವಿಲ್ಲ, ಫೋರೇಟ್ ಪರಿಚಯವಿಲ್ಲ. ಅವನ್ನು ಗುರುತಿಸುವ ನಾಲಗೆ ಅದಕ್ಕೆ ಬಂದಿಲ್ಲ, ನಮಗೂ ಇಲ್ಲ. ನಮಗೆ ಇರುವುದು ಆ ಮಣ್ಣು ಎಲ್ಲಿಂದ ಬಂತೆಂಬ ನೆನಪು ಮಾತ್ರ. ಜಾಗವನ್ನು ಕೋಳಿ ಆರಿಸಲಿ, ಮಣ್ಣನ್ನು ನಾವು ಆರಿಸೋಣ ಎಂದು ಕೆಲಸ ಹಂಚಿಕೊಂಡರೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ.

ಕೊನೆಗೆ ಉಳಿಯುವುದು ಸೇವಂತಿಗೆ ಪಾತಿಯವರ ಅಹವಾಲು. ಹೊಂಡ ಮಾಡಿಕೊಟ್ಟ ಮೇಲೂ ಕೋಳಿ ಪಾತಿಗೇ ಹೋದರೆ? ಹೊಂಡ ಚಿಕ್ಕದಾಗಿದ್ದರೆ ಹೋಗುತ್ತದೆ. ಕೋಳಿಗಳು ಒಂದನ್ನು ನೋಡಿ ಇನ್ನೊಂದು, ಗುಂಪಾಗಿ ಮೀಯುತ್ತವೆ. ಒಂದೇ ಹಿಡಿಯುವ ಬಾಂಡಲೆ ಇಟ್ಟರೆ ಹುಂಜನಿಗೂ ಯಜಮಾನಿ ಹೇಂಟೆಗೂ ಮುಗಿಯುವಷ್ಟರಲ್ಲಿ ಉಳಿದವರು ಸೇವಂತಿಗೆಯ ದಾರಿ ಹಿಡಿದಿರುತ್ತಾರೆ. ನಾಲ್ಕೈದು ಕೋಳಿಗೆ ಒಡೆದ ಲಾರಿ ಟೈರೋ, ಸುತ್ತ ನಾಲ್ಕು ಜಂಬಿಟ್ಟಿಗೆ ಕಲ್ಲಿಟ್ಟ ಮಡಿಯೋ ಸಾಕು, ಒಂದು ಗೇಣು ಆಳ ಇರಲಿ. ಚೈತ್ರ ವೈಶಾಖದ ಬಿಸಿಲಿನಲ್ಲಿ ಮನೆಯದೇ ಹಳೆಯ ಕೆಮ್ಮಣ್ಣನ್ನು ಹರಡಿ ಒಣಗಿಸಿ, ಎರಡು ಮೂರು ಚೀಲ ಕಟ್ಟಿ ಅಟ್ಟದ ಮೇಲೆ ಇಟ್ಟುಕೊಂಡರೆ ಮಳೆಗಾಲ ದಾಟುತ್ತದೆ. ಹಪ್ಪಳ ಸಂಡಿಗೆಯ ಪಕ್ಕದಲ್ಲಿ ಮಣ್ಣಿನ ಚೀಲ ಕಂಡು ನೆಂಟರು ಏನೆಂದಾರೋ ಎಂಬ ಅಳುಕಿದ್ದರೆ ಕೊಟ್ಟಿಗೆಯ ಅಟ್ಟವೂ ಆದೀತು. ಹಿಕ್ಕೆ ಬೆರೆತು ಗಂಟುಗಟ್ಟಿದ ಹಳೆಯ ಮಣ್ಣನ್ನು ತಿಂಗಳಿಗೊಮ್ಮೆ ತೆಗೆದು ಹೊಸದು ತುಂಬಬೇಕು. ತೆಗೆದದ್ದನ್ನು ಎಸೆಯುವುದು ದಂಡ, ಅದು ಒಳ್ಳೆಯ ಗೊಬ್ಬರ. ಸ್ವಲ್ಪ ದಿನ ಕೊಳೆಯಲು ಬಿಟ್ಟು ಸೇವಂತಿಗೆಯ ಬುಡಕ್ಕೇ ಹಾಕಬಹುದು, ಬಲೆ ಕಟ್ಟುವುದನ್ನು ಮರೆಯದಿದ್ದರೆ.